ಮೂರು ಅನ್ನುವವರಿಲ್ಲದ ಸವಾಲು

ಸೆಪ್ಟೆಂಬರ್ 2, ಮಂಗಳವಾರ

ಇವತ್ತಿನಿಂದ ಮೂವತ್ತು ದಿನ ನಾನು ಮಾತಾಡುವಂತಿಲ್ಲ. ಮಾತಾಡದಿದ್ದರೆ ನನಗೆ ಹೊಟ್ಟೆ ಉಬ್ಬುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಈ ಡೈರಿ ಜನವರಿಯಲ್ಲಿ ನನ್ನ ಮಾಲೀಕರಾದ ಬಂಡೆಪ್ಪ ಸಾಹುಕಾರರು ತಮ್ಮ ದಲಾಲಿ ಅಂಗಡಿಯ ಹೆಸರು ಅಚ್ಚು ಹಾಕಿಸಿ ಹಂಚಿದ್ದು. ಎಂಟು ತಿಂಗಳಿಂದ ಇದರಲ್ಲಿ ಹಾಲಿನವನ ಫೋನ್ ನಂಬರು ಬಿಟ್ಟರೆ ಏನೂ ಇರಲಿಲ್ಲ.

ಗಂಟಲಲ್ಲಿ ಒಂದು ಗಂಟು ಬೆಳೆದಿತ್ತು, ತೆಗೆದರು. ಬೆಳಗಾವಿ ಎಪಿಎಂಸಿ ಯಾರ್ಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ಬಟಾಟೆಯ ಸವಾಲು, ಅಂದರೆ ಹರಾಜು, ಕೂಗಿದ ಗಂಟಲು ಇದು. ಗಂಟು ಬೆಳೆಯದೆ ಗುಲಾಬಿ ಬೆಳೆಯುತ್ತದೆಯೇ? ಡಾಕ್ಟರ್ ಪದ್ಮಶ್ರೀ ನನ್ನ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿ, "ಬ್ಯಾರೆಯವರಿಗೆ ಹತ್ತ ದಿನ ಹೇಳ್ತೀನ್ರಿ. ನೀವು ಸವಾಲ ಕೂಗವ್ರು, ನಿಮಗ ಮೂವತ್ತ ದಿನ. ಪಿಸುಮಾತೂ ಬ್ಯಾಡ" ಎಂದರು.

"ಒಂದ ಸಲ ಒದರಿಬಿಟ್ರ ಏನಾಕ್ಕೈತ್ರಿ?" ಎಂದು ಮನೆಯವಳು ಕೇಳಿದಳು. ನನ್ನ ಗುಣ ಅವಳಿಗೆ ಗೊತ್ತು.

"ಮತ್ತ ಬಾವು ಬರ್ತೈತಿ. ಹೆಚ್ಚಾದ್ರ ದನಿ ಹೋದ್ರೂ ಹೋತು."

ಸಂಜೆ ಬಂಡೆಪ್ಪ ಸಾಹುಕಾರರು ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಬಂದರು. ಹಣ್ಣು ಕೊಟ್ಟು, ಚಹಾ ಕುಡಿದು, ಏಳುವಾಗ ಮಾತು ತೆಗೆದರು. "ದಸರಾ ಆದ ಮರದಿನ ಹೊಸ ಬಟಾಟಿ ಬರ್ತಾವ ಗುರುಪುತ್ರಪ್ಪಾರ. ಅವತ್ತ ನಿಮ್ಮ ದನಿ ಯಾರ್ಡಿನ್ಯಾಗ ಕೇಳಬೇಕು. ಇಲ್ಲಂದ್ರ ಸಂಜಯನ್ನ ಕಾಯಂ ಮಾಡಬೇಕಾಕ್ಕೈತಿ. ನಾನೂ ಅಂಗಡಿ ನಡಸಬೇಕಲ್ರೀ."

ಸಂಜಯ ನನ್ನ ಜಾಗದಲ್ಲಿ ಸದ್ಯಕ್ಕೆ ನಿಂತಿರುವವನು. ಮನುಷ್ಯ ಒಳ್ಳೆಯವನು, ದನಿ ಮಾತ್ರ ಗಾಳಿ ಹೋದ ಸೈಕಲ್ಲಿನದು. ಒಂದು, ಎರಡು ಅನ್ನುವುದು ಯಾರಿಗೂ ಬರುತ್ತದೆ. 'ಮೂರು' ಅನ್ನುವುದರಲ್ಲಿ ಸವಾಲಿನ ಜೀವ ಇದೆ. ಬೇಗ ಅಂದರೆ ರೈತನಿಗೆ ಲುಕ್ಸಾನು, ತಡಮಾಡಿದರೆ ವ್ಯಾಪಾರಿ ಮನಸ್ಸು ಬದಲಿಸುತ್ತಾನೆ. ಅವನು ಉಸಿರು ಒಳಗೆ ಎಳೆದುಕೊಂಡು ಇನ್ನೂ ಬಿಡದಿರುವಾಗ ಅನ್ನಬೇಕು. ಸಂಜಯ 'ಮೂರು' ಅಂದರೆ ವ್ಯಾಪಾರಿಗಳು ಕೇಳಿಸಲಿಲ್ಲ ಎಂದು ನಾಟಕ ಮಾಡುತ್ತಾರೆ. ಅಕ್ಟೋಬರ್ ಮೂರನೇ ತಾರೀಖು ನಾನು ಅಲ್ಲಿರಲೇಬೇಕು.

ಸೆಪ್ಟೆಂಬರ್ 4, ಗುರುವಾರ

ಮಾತಾಡದವನಿಗೆ ಕಿವಿಯೂ ಕೇಳುವುದಿಲ್ಲ ಎಂದು ಜಗತ್ತು ತಿಳಿದಿದೆ. ಹಾಲಿನವನು ನನ್ನ ಮುಖದ ಹತ್ತಿರ ಬಂದು, "ಅರ್ಧಾ ಲೀಟರ್ ಸಾಕೇನ್ರೀ" ಎಂದು ಕೂಗಿದ. ಮಹಾಂತೇಶ ನಗರದ ನಮ್ಮ ಓಣಿಯಲ್ಲಿ ಯಾರ್‍ಯಾರು ಎಷ್ಟು ಹಾಲು ತರಿಸುತ್ತಾರೆಂದು ಈಗ ಎಲ್ಲರಿಗೂ ತಿಳಿಯಿತು.

ಇನ್ನೊಂದು ಸಂಕಟ ಮನೆಯೊಳಗಿನದು. ಇವಳು ಇಷ್ಟು ಮಾತಾಡುತ್ತಾಳೆಂದು ಇಪ್ಪತ್ತೆಂಟು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತ ತವರಿನ ಎಮ್ಮೆಯಿಂದ ಶುರು ಮಾಡಿ ಶಹಾಪುರದ ಸೀರೆ ಅಂಗಡಿಯವರೆಗೆ ಬಂದಳು. ನಡುವೆ ತಡೆಯಲು ನನಗೆ ಬಾಯಿಲ್ಲ. ಬರೆಯಲು ಇಟ್ಟುಕೊಂಡ ಸ್ಲೇಟುಪಾಟಿಯ ಮೇಲೆ 'ಸಾಕು' ಎಂದು ಬರೆದು ತೋರಿಸಿದೆ. "ರೊಟ್ಟಿ ಸಾಕೇನ್ರಿ?" ಎಂದು ಬುಟ್ಟಿ ಎತ್ತಿಟ್ಟಳು. ಒಂದೇ ರೊಟ್ಟಿ ತಿಂದಿದ್ದೆ.

ಮಧ್ಯಾಹ್ನ ಮಗಳು ಸಮೃದ್ಧಿ ಕೊಡಿಸಿದ ದೊಡ್ಡ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. 'ಚಿಲ್ಲರ್ ಬೋಲಿ' ಅಂತೆ. ಫೋನಿನಲ್ಲೇ ಸವಾಲು. ಸವಾಲು ಎಂದ ಕೂಡಲೇ ನನ್ನ ಕಿವಿ ನೆಟ್ಟಗಾದವು.

ಒಂದು ತಾಸು ಓದಿ ತಿಳಿದುಕೊಂಡದ್ದು ಇಷ್ಟು. ವಸ್ತುವಿನ ಬೆಲೆ ಸೊನ್ನೆಯಿಂದ ಏಳುತ್ತದೆ. ಒಂದು ಸಲ ಒತ್ತಿದರೆ ಒಂದು ಬೋಲಿ, ಬೆಲೆ ಹತ್ತು ಪೈಸೆ ಏರುತ್ತದೆ. ಮೇಲೆ ಒಂದು ಗಡಿಯಾರ ಹದಿನೈದು ಸೆಕೆಂಡಿನಿಂದ ಇಳಿಯುತ್ತಿರುತ್ತದೆ, ಯಾರಾದರೂ ಒತ್ತಿದರೆ ಮತ್ತೆ ಹದಿನೈದಕ್ಕೆ ಹೋಗುತ್ತದೆ. ಅದು ಸೊನ್ನೆಗೆ ಬಂದಾಗ ಕೊನೆಗೆ ಒತ್ತಿದವನಿಗೆ ವಸ್ತು. ಕೇಳಲು ಸಕ್ಕರೆ. ಆದರೆ ಆ ಬೋಲಿಗಳನ್ನು ಮೊದಲೇ ಕೊಂಡಿರಬೇಕು, ಒಂದಕ್ಕೆ ಐದು ರೂಪಾಯಿ, ಸೋತರೆ ಹೋಯಿತು. ನಮ್ಮ ಯಾರ್ಡಿನಲ್ಲಿ ಸವಾಲು ಸೋತವನು ಕೈ ಝಾಡಿಸಿಕೊಂಡು ಚಹಾಕ್ಕೆ ಹೋಗುತ್ತಾನೆ. ಇಲ್ಲಿ ಸೋತವನೂ ಕೊಟ್ಟೇ ಹೋಗಬೇಕು.

ನನಗೆ ಸಿಟ್ಟು ಬಂದದ್ದು ಬೇರೆ ಮಾತಿಗೆ. ಇಲ್ಲಿ 'ಮೂರು' ಅನ್ನುವವರೇ ಇಲ್ಲ. ಒಂದು ಆಯಿತು, ಎರಡು ಆಯಿತು, ಮತ್ತೆ ಯಾವನೋ ಒತ್ತಿದ, ಮತ್ತೆ ಹದಿನೈದು. ಕೂಗುವವನಿಲ್ಲದ ಸವಾಲು ಪೂಜಾರಿ ಇಲ್ಲದ ಗುಡಿ. ಹೀಗೆಂದು ಬೈದುಕೊಳ್ಳುತ್ತ ಸಂಜೆಯವರೆಗೆ ನೋಡಿದೆ.

ಸೆಪ್ಟೆಂಬರ್ 6, ಶನಿವಾರ

ಬಸವಣ್ಣ ದಾರಿ ತೋರಿಸಿದ. ಚಿಲ್ಲರ್ ಬೋಲಿಯಲ್ಲಿ ಒಂದು ಮೈಕು ಬಂದಿದೆ. ಸೊಂಟಕ್ಕೆ ಕಟ್ಟಿಕೊಳ್ಳುವ ಚಿಕ್ಕ ಸ್ಪೀಕರ್ ಪೆಟ್ಟಿಗೆ, ಬಾಯಿ ಮುಂದೆ ಬರುವಂತೆ ತಲೆಗೆ ಸಿಕ್ಕಿಸುವ ಕಡ್ಡಿ. ಮೆಲ್ಲಗೆ ಅಂದರೂ ಇಡೀ ಯಾರ್ಡಿಗೆ ಕೇಳುತ್ತದೆ. ಇದೊಂದಿದ್ದರೆ ಗಂಟಲಿಗೆ ತ್ರಾಸಿಲ್ಲದೆ ಅಕ್ಟೋಬರ್ ಮೂರಕ್ಕೆ ನಿಲ್ಲಬಹುದು. ಪ್ರತಿ ಮಂಗಳವಾರ, ಶನಿವಾರ ಸಂಜೆ ಆರಕ್ಕೆ ಒಂದೊಂದು ಮೈಕಿನ ಸವಾಲು.

ಇವಳಿಗೆ ತೋರಿಸಿದೆ. "ಗಣಪತ ಗಲ್ಲಿಯೊಳಗ ಇದs ಸಿಗ್ತೈತಲ್ರೀ" ಎಂದಳು. ಅಲ್ಲಿ ಎರಡು ಸಾವಿರದ ಇನ್ನೂರು. ಇಲ್ಲಿ ಹೋದ ವಾರ ಯಾರೋ ಮೂವತ್ತೆಂಟು ರೂಪಾಯಿಗೆ ಗೆದ್ದಿದ್ದಾರೆ. ಇಪ್ಪತ್ತೊಂಬತ್ತು ವರ್ಷ ಸವಾಲು ಕೂಗಿದವನು ಅಂಗಡಿಗೆ ಹೋಗಿ ಕೇಳಿದ ಬೆಲೆ ಕೊಟ್ಟು ಬಂದರೆ ಯಾರ್ಡಿನಲ್ಲಿ ನಕ್ಕಾರು.

ನೂರು ಬೋಲಿ ಕೊಂಡೆ. ಆರಕ್ಕೆ ಕೂತೆ. ಆರು ಹದಿನೇಳಕ್ಕೆ ನೂರೂ ಮುಗಿದವು. ಅವು ಎಲ್ಲಿ ಹೋದವೆಂದೇ ತಿಳಿಯಲಿಲ್ಲ. ಮೈಕು ಏಳು ಗಂಟೆಯಾದ ಮೇಲೆ 'ಸೂರತ್ ಕಿಂಗ್' ಅನ್ನುವವನಿಗೆ ಹೋಯಿತು.

ಇವಳು ಸೊಂಟಕ್ಕೆ ಕೈಯಿಟ್ಟು ನಿಂತು, "ಇದು ಸವಾಲ ಅಲ್ಲ, ಓಸಿ ಜೂಜ ಐತಿ. ಇನ್ನ ಮುಂದ ಆಡಂಗಿಲ್ಲ ಅನ್ರಿ" ಎಂದಳು. ಅನ್ನಲು ಬಾಯಿಲ್ಲವಲ್ಲ, ತಲೆ ಅಲ್ಲಾಡಿಸಿದೆ. ತಲೆ ಅಲ್ಲಾಡಿಸುವುದು ಆಣೆ ಮಾಡಿದಂತೆ ಅಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಇವತ್ತು ಒತ್ತಲಿಲ್ಲ, ಬರೀ ನೋಡಿದೆ. ಮೊದಲೇ ಹೀಗೆ ಮಾಡಬೇಕಿತ್ತು. ಯಾರ್ಡಿನಲ್ಲಿ ನಾನು ಮುಖ ನೋಡುತ್ತೇನೆ. ತಂಬಾಕು ತಿಕ್ಕುವುದನ್ನು ನಿಲ್ಲಿಸಿದವನು ಇನ್ನೂ ಏರುತ್ತಾನೆ, ಚಪ್ಪಲಿ ಹುಡುಕುವವನು ಬಿಟ್ಟ. ಇಲ್ಲಿ ಮುಖ ಇಲ್ಲ, ಹೆಸರು ಮಾತ್ರ. ಆದರೂ ನಡತೆ ಎಲ್ಲಿ ಹೋಗುತ್ತದೆ?

ನೋಡಿದ್ದನ್ನು ಆಗಸ್ಟ್ ತಿಂಗಳ ಕ್ಯಾಲೆಂಡರ್ ಹಾಳೆ ಹರಿದು ಹಿಂದೆ ಬರೆದಿಟ್ಟೆ. ಮೊದಲ ಅರ್ಧ ತಾಸು ಒತ್ತಬಾರದು, ಅದು ಕುರಿಹಿಂಡಿನ ಹೊತ್ತು. ಗಡಿಯಾರ ಹತ್ತರಲ್ಲಿರುವಾಗ ಒತ್ತುವವನು ದಡ್ಡ, ಎರಡಕ್ಕೆ ಇಳಿದಾಗ ಒತ್ತಬೇಕು. ಯಾರು ದಿನಾ ಬರುತ್ತಾರೆ, ಯಾರು ಕೊನೆತನಕ ಜಗ್ಗುತ್ತಾರೆ, ಹೆಸರು ಬರೆದಿಡಬೇಕು. ಒಬ್ಬರು ತಿಂಗಳಿಗೆ ಎರಡೇ ಗೆಲ್ಲಬಹುದೆಂದು ಅವರ ನಿಯಮ ಇದೆ, ಎರಡು ಗೆದ್ದವನು ತೊಲಗಿದ ಮೇಲೆ ಇಳಿಯಬೇಕು. ಎದುರಾಳಿ ಊಟ ಮಾಡುವ ಹೊತ್ತು ತಿಳಿದಿರಬೇಕು. ಮೊಂಡನ ಎದುರು ಮೊಂಡುತನ ಮಾಡದೆ ಎದ್ದು ಹೋಗಬೇಕು. ಇಷ್ಟೇ ಬೋಲಿ ಎಂದು ಮೊದಲೇ ಗಂಟು ಹಾಕಿ ಅಲ್ಲಿಗೆ ನಿಲ್ಲಬೇಕು, ಹೋದದ್ದನ್ನು ಹಿಡಿಯಲು ಹೋಗಬಾರದು. ಅಂಜಿಕೆ ಬರುವ ಹೆಸರು ಇಟ್ಟುಕೊಂಡರೆ ಅರ್ಧ ಜನ ತಾವೇ ಬಿಡುತ್ತಾರೆ.

ಓದಿ ನೋಡಿದರೆ ನನಗೇ ನನ್ನ ಮೇಲೆ ಗೌರವ ಬಂತು.

ಸೆಪ್ಟೆಂಬರ್ 11, ಗುರುವಾರ

ಇವಳು ಖಾನಾಪುರಕ್ಕೆ ಹೋದಳು. ಅಲ್ಲಿ ಅವಳ ತಮ್ಮ ಶಶಿಧರನ ಮನೆ. ಅವನ ಹೆಂಡತಿ ಸಪ್ನಾ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಾಳೆ. ದಸರೆಯ ಹಿಂದಿನ ದಿನ ಬರುತ್ತೇನೆಂದಳು. ನನಗೆ ಒಂದು ಡಬ್ಬಿ ಖಡಕ್ ರೊಟ್ಟಿ, ನಾಲ್ಕು ತರಹದ ಹಿಂಡಿ ಅಂದರೆ ಚಟ್ನಿಪುಡಿ ಇಟ್ಟಿದ್ದಾಳೆ. ಖಾನಾಪುರಕ್ಕೆ ಅಗಸಿ ಹಿಂಡಿ ಕಟ್ಟಿಕೊಳ್ಳಲು ಕಾಗದ ಹುಡುಕಾಡಿ ಹುಡುಕಾಡಿ ಬಸ್ಸು ತಪ್ಪಿಸಿಕೊಳ್ಳುವುದರಲ್ಲಿದ್ದಳು.

ಫೋನಿಗೆ ಒಂದು ಬಟ್ಟಲಿನ ಉಪಾಯ ಅವಳೇ ಹೇಳಿಕೊಟ್ಟಳು. "ದಿನಾ ಸಂಜಿ ಏಳಕ್ಕ ಮಾಡ್ತೀನಿ. ಸ್ಟೀಲ್ ವಾಟಿ, ಚಮಚಾ ಬಾಜುಕ ಇಟಗೋರಿ. ಹೌದಂದ್ರ ಒಂದ ಬಡೀರಿ, ಅಲ್ಲಂದ್ರ ಎರಡ."

ಬಸ್ಸು ಹೊರಟಿತು. ಮನೆ ತಣ್ಣಗಾಗಿದೆ. ಈಗ ನಿಶ್ಚಿಂತೆಯಾಗಿ ಆಡಬಹುದು.

ಸೆಪ್ಟೆಂಬರ್ 13, ಶನಿವಾರ

ನಿಯಮದ ಹಾಳೆ ಕಾಣುತ್ತಿಲ್ಲ. ರದ್ದಿಯವನ ಪಾಲಾಗಿರಬೇಕು. ಇರಲಿ, ತಲೆಯಲ್ಲಿದೆ.

ಹಳೆಯ ಹೆಸರು ಇವಳು ನೋಡಿದ್ದಾಳೆ, ಅದಕ್ಕೆ ಹೊಸ ಖಾತೆ ತೆರೆದೆ. ಹೆಸರು 'ಗುಡುಗಪ್ಪ56'. ಇನ್ನೂರು ಬೋಲಿ ಕೊಂಡೆ. ಅರ್ಧ ತಾಸು ಕೈಕಟ್ಟಿ ಕೂತೆ. ಕುರಿಹಿಂಡು ಚದುರಿತು. ಆರೂವರೆಗೆ ಇಳಿದೆ, ಗಡಿಯಾರ ಎರಡಕ್ಕೆ ಬಂದಾಗ ಒತ್ತಿದೆ. ಅದೇ ಕ್ಷಣಕ್ಕೆ ಇನ್ನೊಬ್ಬ ಹೊಸಬ ಇಳಿದ, 'ಮಲಪ್ರಭಾ7'. ಅವನೂ ಎರಡಕ್ಕೇ ಒತ್ತುತ್ತಾನೆ. ಗುಡುಗಪ್ಪ, ಮಲಪ್ರಭಾ, ಗುಡುಗಪ್ಪ, ಮಲಪ್ರಭಾ. ಎತ್ತಿನ ಜೋಡಿಯಂತೆ ನಡೆಯಿತು. ಏಳಕ್ಕೆ ಇವಳ ಫೋನ್ ಬಂತು, ಸವಾಲು ಬಿಟ್ಟು ವಾಟಿ ಬಡಿಯುತ್ತ ಕೂತೆ. ಮುಗಿಸಿ ನೋಡಿದರೆ ಮೈಕು ಮತ್ತೆ ಸೂರತ್ ಕಿಂಗನಿಗೆ ಹೋಗಿತ್ತು. ಅವನದು ಈ ತಿಂಗಳ ಎರಡು ಆದವು, ಪೀಡೆ ತೊಲಗಿತು.

ಸೆಪ್ಟೆಂಬರ್ 16, ಮಂಗಳವಾರ

ಮಲಪ್ರಭಾ7 ಸಾಮಾನ್ಯದವನಲ್ಲ. ಅರ್ಧ ತಾಸು ಕಾಯುತ್ತಾನೆ, ಎರಡಕ್ಕೆ ಒತ್ತುತ್ತಾನೆ, ಅನವಶ್ಯಕ ಒಂದೂ ಬೋಲಿ ಸುಡುವುದಿಲ್ಲ. ಇಷ್ಟು ವರ್ಷದಲ್ಲಿ ನನ್ನಷ್ಟು ಸವಾಲು ಬಲ್ಲವನನ್ನು ಇವನೊಬ್ಬನನ್ನೇ ನೋಡಿದ್ದು. ಹೆಸರು ನೋಡಿದರೆ ಹೊಳೆಸಾಲಿನವನು, ರಾಮದುರ್ಗ ಕಡೆಯ ದೊಡ್ಡ ವ್ಯಾಪಾರಿ ಇರಬೇಕು. ಹುರಿ ಮೀಸೆ, ತಲೆಗೆ ಬಿಳಿ ಪಟಗಾ, ಕೈಯಲ್ಲಿ ಎರಡು ಉಂಗುರ. ಕಣ್ಣಿಗೆ ಕಟ್ಟಿದಂತಿದ್ದಾನೆ.

ಅವನದೊಂದು ದೌರ್ಬಲ್ಯ ಹಿಡಿದಿದ್ದೇನೆ. ಹಳೆಯ ಬೋಲಿಗಳ ಪಟ್ಟಿ ತೆಗೆದು ನೋಡಿದರೆ ಏಳರಿಂದ ಏಳು ಇಪ್ಪತ್ತರವರೆಗೆ ಅವನ ಹೆಸರೇ ಇಲ್ಲ. ಬೇಗ ಉಣ್ಣುವವನು ಕಾಣುತ್ತದೆ. ಆ ಹೊತ್ತಿಗೆ ಬಿದ್ದರೆ ಮೈಕು ನನ್ನದು. ಆದರೆ ನನ್ನ ದುರ್ದೈವಕ್ಕೆ ಇವಳ ಫೋನ್ ಬರುವುದೂ ಅದೇ ಹೊತ್ತಿಗೆ. ಇವತ್ತೂ ಹಾಗೇ ಆಯಿತು, ನಾವಿಬ್ಬರೂ ಇಲ್ಲದಾಗ ಯಾವನೋ ಮೂರನೆಯವನು ಎತ್ತಿಕೊಂಡು ಹೋದ.

ಸೆಪ್ಟೆಂಬರ್ 18, ಗುರುವಾರ

ಇವತ್ತು ಸವಾಲಿಲ್ಲ. ಬೆಳಗಿನಿಂದ ಏಳು ಗಂಟೆ ಯಾವಾಗ ಆಗುತ್ತದೋ ಎಂದು ನೋಡಿದೆ. ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಸದ್ದಿಲ್ಲ.

ಫೋನಿನಲ್ಲಿ ಇವಳು ನಮ್ಮ ಮದುವೆಯ ಮಾತು ತೆಗೆದಳು. "ನೆನಪೈತೇನ್ರಿ, ಒಡಪು ಹೇಳಿ ಹೆಂಡ್ತಿ ಹೆಸರ ತಗೋರಿ ಅಂತ ಎಲ್ಲಾರೂ ಗಂಟ ಬಿದ್ರು. ನೀವು ಯಾರ್ಡಿನ್ಯಾಗ ಕೂಗಿದಂಗ ಕೂಗಿದ್ರಿ. ಬ್ಯಾಂಡಿನವ್ರು ಬಾರಸೂದ ಬಿಟ್ಟು ಹೊಳ್ಳಿ ನೋಡಿದ್ರು. ನಮ್ಮ ಚಿಗವ್ವ ಅಂದ್ಲು, ಈ ಹುಡುಗಿನ್ನ ಸವಾಲಕ್ಕ ಹಚ್ಯಾನೇನ ಇಂವಾ ಅಂತ."

ನಾನು ಒಂದು ಬಡಿದೆ. ನೆನಪಿದೆ.

"ಅವತ್ತ ಕೂಗಿದ್ದs ಕಡೀದು. ಆಮ್ಯಾಲ ಇಪ್ಪತ್ತೆಂಟ ವರ್ಷ 'ಏ ಕೇಳ್ತೇನು', 'ಎಲ್ಲಿ ಸತ್ತಿ', ಇಷ್ಟs. ನನಗೊಂದ ಹೆಸರೈತಿ ಅನ್ನೂದು ರೇಷನ್ ಕಾರ್ಡ ನೋಡಿದಾಗ ಗೊತ್ತಾಕ್ಕೈತಿ." ಅಂದು ನಕ್ಕಳು. ಇದಕ್ಕೆ ಒಂದು ಬಡಿಯಬೇಕೋ ಎರಡೋ ತಿಳಿಯಲಿಲ್ಲ.

ಬಸವಣ್ಣೆವ್ವ. ಬರೆಯಲೂ ಕೈ ನಾಚುತ್ತದೆ.

ಸೆಪ್ಟೆಂಬರ್ 20, ಶನಿವಾರ

ಇನ್ನೂರು ಹೋದವು. ಮತ್ತೆ ಇನ್ನೂರು ಕೊಂಡೆ. ಅವೂ ಹೋದವು. ಇಷ್ಟೇ ಎಂದು ಹಾಕಿದ ಗಂಟು ಏಳರೊಳಗೇ ಬಿಚ್ಚಿತ್ತು. ಮೊಂಡನ ಎದುರು ಮೊಂಡುತನ ಬೇಡ ಎಂದು ಬರೆದವನೂ ನಾನೇ. ಬರೆದ ಹಾಳೆ ರದ್ದಿಗೆ ಹೋಗಿದ್ದೇ ಒಳ್ಳೆಯದಾಯಿತು, ಇದ್ದಿದ್ದರೆ ನನ್ನನ್ನು ನೋಡಿ ನಗುತ್ತಿತ್ತು.

ಸೆಪ್ಟೆಂಬರ್ 23, ಮಂಗಳವಾರ

ಮೈಕು ಮತ್ತೆ ಹೋಯಿತು, ನಾಗಪುರದ ಯಾರಿಗೋ. ಇನ್ನು ದಸರೆಗೆ ಮೊದಲು ನನಗೆ ಉಳಿದದ್ದು ಶನಿವಾರದ ಸವಾಲು ಒಂದೇ. ಆಮೇಲಿನದು ಗೆದ್ದರೂ ಕೋರಿಯರ್ ಮುಟ್ಟುವುದಿಲ್ಲ.

ಬಸವಣ್ಣೆವ್ವನ ದನಿ ಇವತ್ತು ದಣಿದಂತಿತ್ತು. ಬೆರಳು ನೋಯುತ್ತದೆಯಂತೆ. ಸಪ್ನಾಳ ಮನೆಯ ಪಾತ್ರೆ ತಿಕ್ಕಿ ತಿಕ್ಕಿ ಇರಬೇಕು. ಇಳಕಲ್ ಸೀರೆಗೆಂದು ಕೂಡಿಟ್ಟದ್ದನ್ನು ಒಂದು ಕೆಲಸಕ್ಕೆ ಖರ್ಚು ಮಾಡಿದ್ದಾಳಂತೆ. "ಏನ ಅಂತ ಕೇಳಬ್ಯಾಡ್ರಿ" ಅಂದಳು. ಕೇಳಲು ಬಾಯೆಲ್ಲಿದೆ?

ಆಮೇಲೆ ಕೇಳಿದಳು, "ಆ ಫೋನಿನ ಸವಾಲ ಮತ್ತ ಆಡಾಕತ್ತಿಲ್ಲ ಹೌದಿಲ್ಲೋ?"

ಒಂದು ಬಡಿದೆ.

"ಅಷ್ಟs ಸಾಕ ನನಗ" ಅಂದಳು. ಫೋನ್ ಇಟ್ಟ ಮೇಲೆ ಹಿಂಡಿ ರುಚಿಸಲಿಲ್ಲ. ಬಾಯಿಂದ ಎಷ್ಟೋ ಸುಳ್ಳು ಹೇಳಿದ್ದೇನೆ, ಒಂದೂ ಹೀಗೆ ಚುಚ್ಚಿರಲಿಲ್ಲ. ವಾಟಿಯಿಂದ ಹೇಳಿದ ಸುಳ್ಳು ಬಹಳ ಹೊತ್ತು ಗುಂಯ್ ಅನ್ನುತ್ತದೆ.

ಸೆಪ್ಟೆಂಬರ್ 28, ರವಿವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಶನಿವಾರ ಮಧ್ಯಾಹ್ನವೇ ನಿರ್ಧಾರ ಮಾಡಿದ್ದೆ. ಮಲಪ್ರಭಾ7 ಏಳಕ್ಕೆ ಉಣ್ಣಲು ಏಳುತ್ತಾನೆ. ಇವತ್ತೊಂದು ದಿನ ಬಸವಣ್ಣೆವ್ವನ ಫೋನ್ ಎತ್ತದಿದ್ದರೆ ಮೈಕು ನನ್ನದು. ಒಂದು ದಿನಕ್ಕೆ ಏನಾಗುತ್ತದೆ, ಸ್ನಾನಕ್ಕೆ ಹೋಗಿದ್ದೆ ಎಂದು ಆಮೇಲೆ ಬರೆದು ಕಳಿಸಿದರಾಯಿತು.

ಆರೂವರೆಗೆ ಇಬ್ಬರೂ ಇಳಿದೆವು. ಏಳರವರೆಗೆ ಬಡಿದಾಡಿದೆವು. ಸರಿಯಾಗಿ ಏಳಕ್ಕೆ ಅವನು ನಿಂತ. ಅದೇ ನಿಮಿಷ ಫೋನ್ ಅಳ್ಳಾಡತೊಡಗಿತು, 'ಮನಿ' ಎಂದು ಪರದೆಯ ಮೇಲೆ ಬಂತು. ಹೆಬ್ಬೆರಳಿನಿಂದ ಬದಿಗೆ ಸರಿಸಿದೆ. ಮತ್ತೆ ಬಂತು, ಸರಿಸಿದೆ. ಆರು ಸಲ ಬಂತು. ಆರನೆಯದು ನಿಂತ ಮೇಲೆ ಎತ್ತಿಬಿಡಬೇಕಿತ್ತು ಎನ್ನಿಸಿತು, ಆದರೆ ಅಷ್ಟರಲ್ಲಿ 'ನಾಸಿಕ್ ದ್ರಾಕ್ಷಿ' ಅನ್ನುವವನೊಬ್ಬನೇ ಉಳಿದಿದ್ದ. ಏಳು ಹದಿನಾಲ್ಕಕ್ಕೆ ಅವನೂ ಒತ್ತಲಿಲ್ಲ. ಗಡಿಯಾರ ಇಳಿಯಿತು. ಐದು. ನಾಲ್ಕು. ಮೂರು. ಮಲಪ್ರಭಾ ಬರಲಿಲ್ಲ.

ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. "ಒಂದs, ಎರಡs, ಮೂರs" ಎಂದು ನನ್ನ ದನಿ ನನ್ನ ಕಿವಿಗೇ ಬಿತ್ತು. ಬಾಜು ಮನೆಯವರು ಟಿವಿಯ ಸದ್ದು ಇಳಿಸಿದರು. ಯಾರೂ 'ಮೂರು' ಅನ್ನದ ಸವಾಲಿಗೆ ನಾನೇ ಮೂರು ಅಂದುಬಿಟ್ಟಿದ್ದೆ. ಅರವತ್ನಾಲ್ಕು ರೂಪಾಯಿ ಮೂವತ್ತು ಪೈಸೆಗೆ ಮೈಕು ನನ್ನದಾಯಿತು. ಗಂಟಲಲ್ಲಿ ಮೆಣಸಿನಕಾಯಿ ಅರೆದಂತೆ ಉರಿ ಎದ್ದಿತು. ಮೈಕು ಬಂತು, ದನಿ ಹೋಯಿತು ಎಂದುಕೊಂಡು ಫೋನನ್ನು ಖುರ್ಚಿಯ ಮೇಲೆ ಹಾಕಿದೆ. ಫೋನ್ ಹೊಳ್ಳಿ ಮಾಡಲೂ ಧೈರ್ಯ ಬರಲಿಲ್ಲ.

ಎಂಟೂಕಾಲಿಗೆ ಬಾಗಿಲ ಮುಂದೆ ರಿಕ್ಷಾ ನಿಂತಿತು. ಬಸವಣ್ಣೆವ್ವ ಇಳಿದಳು, ಹಿಂದೆ ಶಶಿಧರನ ಮಗಳು ಸೃಷ್ಟಿ. ಬಸವಣ್ಣೆವ್ವನ ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಸಪ್ನಾಳದು. ಸೀರೆಗೆ ಹಿಟ್ಟು ಮೆತ್ತಿತ್ತು. ನನ್ನನ್ನು ತಲೆಯಿಂದ ಕಾಲತನಕ ನೋಡಿ ಹೊಸ್ತಿಲ ಮೇಲೆಯೇ ಕೂತುಬಿಟ್ಟಳು.

"ಅದೀರೇನ್ರಿ" ಅಂದಳು. "ಮಾತಾಡಾಕ ಬರದ ಮನಶಾ. ಬಿದ್ದು ಗಿದ್ದ ಮಾಡಿದ್ರ ಕೂಗಾಕೂ ಬರಂಗಿಲ್ಲ ಅಂತ ಓಡಿ ಬಂದೆ. ಬಸ್ಸಿನ್ಯಾಗ ಏನೇನ ಬಂತ್ರಿ ಮನಸಿಗೆ." ಆಮೇಲೆ ಅತ್ತಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೃಷ್ಟಿ ಒಳಗೆ ಬಂದು ಖುರ್ಚಿಯ ಮೇಲಿದ್ದ ನನ್ನ ಫೋನ್ ನೋಡಿದಳು. ನೋಡಿದವಳು ನೋಡುತ್ತಲೇ ನಿಂತಳು. "ಅತ್ತಿ, ಇಲ್ಲೆ ಬರ್ರಿ. ಗುಡುಗಪ್ಪ ಇಲ್ಲೇ ಅದಾನ."

ಬಸವಣ್ಣೆವ್ವ ಕಣ್ಣೊರೆಸಿಕೊಂಡು ಎದ್ದಳು. ಪರದೆ ನೋಡಿದಳು, ನನ್ನನ್ನು ನೋಡಿದಳು. "ಹದಿನೈದ ದಿನದಿಂದ ನನ್ನ ಜೀವಾ ತಿಂದ ಆ ಸುಡಗಾಡ ಗುಡುಗಪ್ಪ ನೀವs ಏನ್ರಿ?"

ನಾನು ವಾಟಿ ಎಳೆದುಕೊಂಡು ಒಂದು ಬಡಿದೆ.

ಅವಳು ಚೀಲದಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟಳು. ಆಗಸ್ಟ್ ತಿಂಗಳ ಕ್ಯಾಲೆಂಡರ್, ಹಿಂದೆ ನನ್ನ ಅಕ್ಷರ, ಅಗಸಿ ಹಿಂಡಿಯ ವಾಸನೆ. ಹುರಿ ಮೀಸೆ, ಪಟಗಾ, ಎರಡು ಉಂಗುರ ಎಲ್ಲ ಕಳಚಿ ಬಿದ್ದು ಮಲಪ್ರಭಾ7 ನನ್ನ ಅಡಿಗೆಮನೆಯಲ್ಲಿ ನಿಂತು ನೀರು ಕುಡಿಯಿತು.

"ನೀವು ಬಿಟ್ಟೀನಿ ಅಂದ್ರಿ. ಮೈಕ್ ಇಲ್ಲಂದ್ರ ನೀವು ಯಾರ್ಡಿನ್ಯಾಗ ಒದರಿ ಪೂರಾ ದನಿ ಕಳಕೋತೀರಿ ಅಂತ ನಾ ಹಿಡದೆ. ಸೃಷ್ಟಿ ಕಲಿಸಿಕೊಟ್ಲು. ನೀವು ಬರದಿದ್ದೆಲ್ಲಾ ಖರೇ ಐತ್ರಿ, ಭಾಳ ಉಪಯೋಗ ಆತು." ಇಷ್ಟು ಹೇಳಿ ಇನ್ನೊಂದು ಲೋಟ ನೀರು ಕುಡಿದಳು. "ಫೋನ್ ಎತ್ತಲಿಲ್ಲ ಅಂದ ಕೂಡ್ಲೇ ಸವಾಲ ಬಿಟ್ಟ ಬಂದೆ. ಇನ್ನ ಎಪ್ಪತ್ತ ಬೋಲಿ ಉಳದಿದ್ದೂವು. ಇಲ್ಲಂದ್ರ ನಾನs ಗೆಲ್ತಿದ್ದೆ."

ಹೌದು, ಅವಳೇ ಗೆಲ್ಲುತ್ತಿದ್ದಳು. ಸೃಷ್ಟಿ ಲೆಕ್ಕ ಹಾಕಿದಳು. ನಾವಿಬ್ಬರೂ ಸುಟ್ಟ ಬೋಲಿಯಲ್ಲಿ ಗಣಪತ ಗಲ್ಲಿಯ ಮೈಕು ಮೂರು ಬರುತ್ತಿದ್ದವು. ಈ ಮಾತು ಶಶಿಧರನಿಗೆ ಹೇಳಬಾರದೆಂದು ಮೂವರೂ ಒಪ್ಪಿದೆವು.

ಸೆಪ್ಟೆಂಬರ್ 29, ಸೋಮವಾರ

ಡಾಕ್ಟರ್ ಪದ್ಮಶ್ರೀ ಬ್ಯಾಟರಿ ಬಿಟ್ಟು ನೋಡಿ, "ಒದರೀರಿ" ಎಂದರು. ನಾನು ಮೇಲಿನ ಫ್ಯಾನು ನೋಡಿದೆ.

"ಹಾವ ಬಂದಿತ್ರಿ ಮನ್ಯಾಗ" ಅಂದಳು ಬಸವಣ್ಣೆವ್ವ, ಕಣ್ಣು ಮಿಟುಕಿಸದೆ.

ದನಿ ಹೋಗಿಲ್ಲವಂತೆ. ಬಾವು ಇದೆ, ಅಕ್ಟೋಬರ್ ಒಂಬತ್ತರವರೆಗೆ ಮತ್ತೆ ಮೌನ. ಅಂದರೆ ಮೂರನೇ ತಾರೀಖಿಗೆ ಹೊಸ ಬಟಾಟೆ ಬರುತ್ತವೆ, ನಾನು ಇರುವುದಿಲ್ಲ. ಮೈಕಿದ್ದರೂ ಅದರೊಳಗೆ ಬಿಡಲು ಮಾತಿಲ್ಲ. ಬರುವಾಗ ರಿಕ್ಷಾದಲ್ಲಿ ಅತ್ತುಬಿಟ್ಟೆ, ಇಲ್ಲಿ ಬರೆದುಕೊಳ್ಳಲು ನಾಚಿಕೆ ಏನು? ಬಸವಣ್ಣೆವ್ವ ನನ್ನ ಕೈ ಹಿಡಿದುಕೊಂಡು ಏನೋ ಯೋಚನೆ ಮಾಡುತ್ತ ಕೂತಿದ್ದಳು. ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದು ಈ ತಿಂಗಳಲ್ಲಿ ಅದೇ ಮೊದಲು.

ಅಕ್ಟೋಬರ್ 2, ಗುರುವಾರ, ದಸರಾ

ನಿನ್ನೆ ಖಂಡೇ ಪೂಜೆಯ ಹೊತ್ತಿಗೆ ಮೈಕು ಬಂದು ಮುಟ್ಟಿತು. ಕುಡುಗೋಲು, ಈಳಿಗೆಮಣಿ, ಹೊಲಿಗೆ ಮಷಿನ್ನಿನ ಜೊತೆ ಅದಕ್ಕೂ ವಿಭೂತಿ ಹಚ್ಚಿ ಹೂ ಏರಿಸಿದೆವು.

ಇವತ್ತು ಸಂಜೆ ಬನ್ನಿ ಕೊಡಲು ಬಂಡೆಪ್ಪ ಸಾಹುಕಾರರ ಮನೆಗೆ ಹೋದೆವು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದು ಎಲೆ ಕೊಟ್ಟು ಬಸವಣ್ಣೆವ್ವ ಅಲ್ಲೇ ನಿಂತಳು. ಸಾಹುಕಾರರು ಸಂಜಯನ ಮಾತು ತೆಗೆಯಲು ಗಂಟಲು ಸರಿಮಾಡಿಕೊಂಡರು. ಅವಳು ಬಿಡಲಿಲ್ಲ.

"ನಾಳೆ ಸವಾಲ ನಾ ಕೂಗ್ತೀನ್ರಿ ಸಾಹುಕಾರ್ರ. ಎಂಟ ದಿವಸದ ಮಾತು. ಮೈಕ್ ಐತಿ. ಇವರು ಬಾಜು ನಿಂದರ್ತಾರ, ಮೂರ ಅನ್ನೂ ಹೊತ್ತಿಗೆ ವಾಟಿ ಬಡೀತಾರ."

ನಾನು ಅವಳನ್ನು ನೋಡಿದೆ. ನನಗೂ ಇದು ಹೊಸ ಸುದ್ದಿ.

"ನಿಮಗ ಹೆಂಗ ಬರ್ತೈತಿ ತಂಗಿ ಅದು?" ಎಂದರು ಸಾಹುಕಾರರು.

"ಇಪ್ಪತ್ತೆಂಟ ವರ್ಷ ಇವರು ನಿದ್ದಿಗಣ್ಣಾಗ ಸವಾಲ ಕೂಗೂದು ಕೇಳೀನ್ರಿ. ನನಗ ಬಾಯಿಪಾಠ ಐತಿ."

ಸಾಹುಕಾರರು ಕೈಯಲ್ಲಿದ್ದ ಬನ್ನಿ ಎಲೆ ತಿರುಗಿಸಿ ತಿರುಗಿಸಿ ನೋಡಿದರು. "ಒಂದ ದಿನ ನೋಡೂಣು" ಎಂದರು.

ಅಕ್ಟೋಬರ್ 3, ಶುಕ್ರವಾರ

ಯಾರ್ಡು ತುಂಬ ಹೊಸ ಬಟಾಟೆ, ಹಸಿ ಮಣ್ಣಿನ ವಾಸನೆ. ಬಸವಣ್ಣೆವ್ವ ಸೊಂಟಕ್ಕೆ ಪೆಟ್ಟಿಗೆ ಕಟ್ಟಿ, ಸೆರಗು ಸಿಕ್ಕಿಸಿ ಚೀಲದ ಮೇಲೆ ಹತ್ತಿ ನಿಂತಳು. ವ್ಯಾಪಾರಿಗಳು ಮೊದಲು ನಕ್ಕರು. ಸಂಜಯ ಚೀಟಿ ಬರೆಯಲು ಕೂತ. ಅವನ ಮುಖದಲ್ಲಿ 'ಬದುಕಿದೆನಪ್ಪಾ' ಎನ್ನುವ ಕಳೆ ಇತ್ತು.

ಮೊದಲ ರಾಶಿಗೆ ಅವಳ ದನಿ ನಡುಗಿತು. ಎರಡನೆಯದಕ್ಕೆ ನಿಂತಿತು. ನಾನು ಜನರ ಮುಖ ನೋಡುತ್ತಿದ್ದೆ. ತಂಬಾಕು ತಿಕ್ಕುವ ಕೈ ನಿಂತರೆ ಬೆರಳೆತ್ತಿದೆ, ಅವಳು ಏರಿಸಿದಳು. ಉಸಿರು ಒಳಗೆ ಹೋದಾಗ ವಾಟಿ ಬಡಿದೆ, ಅವಳು 'ಮೂರ' ಅಂದಳು. ವ್ಯಾಪಾರಿ ಭರಮಪ್ಪ ತನ್ನ ಹಳೆಯ ನಾಟಕ ತೆಗೆದು, ಮೂರು ಅಂದದ್ದು ಕೇಳಿಸಲಿಲ್ಲ ಎಂದ.

"ಕಿವಿ ಕೇಳಸಂಗಿಲ್ಲಂದ್ರ ನಮ್ಮ ಡಾಕ್ಟರ್ ಕಡೆ ಹೋಗ್ರಿ ಅಣ್ಣಾರ" ಅಂದಳು ಮೈಕಿನಲ್ಲಿ. "ಮೂವತ್ತ ದಿನ ಬಾಯಿ ಮುಚ್ಚಸ್ತಾರ."

ಇಡೀ ಯಾರ್ಡು ನಕ್ಕಿತು. ಭರಮಪ್ಪ ಚೀಟಿ ತೆಗೆದುಕೊಂಡ. ಮಧ್ಯಾಹ್ನ ಸಾಹುಕಾರರು ಅವಳನ್ನೇ ಕೇಳಿದರು, "ನಾಳೆ ಎಷ್ಟಕ್ಕ ಬರ್ತೀರಿ?" ನನ್ನನ್ನು ಯಾರೂ ಕೇಳಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ಒಂದೊಂದು ರಾಶಿಯ ಕಥೆ ಹೇಳಿದಳು. ಎಲ್ಲ ನಾನೇ ನೋಡಿದ್ದು, ಆದರೂ ಕೇಳಿದೆ.

ಅಕ್ಟೋಬರ್ 9, ಗುರುವಾರ

ಚಿಲ್ಲರ್ ಬೋಲಿ ತೆಗೆದುಹಾಕಬೇಕು ಎಂದು ವಾರದಿಂದ ಅಂದುಕೊಂಡಿದ್ದೆ. ಇವತ್ತು ಫೋನ್ ನೋಡಿದರೆ ಅದು ಅಲ್ಲಿರಲೇ ಇಲ್ಲ. ಯಾವಾಗ ತೆಗೆದೆನೋ ನೆನಪಿಲ್ಲ.

ಡಾಕ್ಟರ್ ಬಾಯೊಳಗೆ ನೋಡಿದರು. ಬಾಜು ಕೂತ ಬಸವಣ್ಣೆವ್ವ ಅವರಿಗೆ ಯಾರ್ಡಿನ ಸುದ್ದಿ ಹೇಳುತ್ತಿದ್ದಳು. "ಬಾವು ಇಳದೈತಿ" ಎಂದರು ಡಾಕ್ಟರ್. "ಈಗ ಏನರೆ ಒಂದ ಮಾತಾಡ್ರಿ. ಮೆಲ್ಲಕ."

ಏನು ಅನ್ನಬೇಕೆಂದು ಮೂರು ದಿನದಿಂದ ಮನಸ್ಸಿನಲ್ಲೇ ತಾಲೀಮು ಮಾಡಿದ್ದೆ. ಒಂದು, ಎರಡು, ಮೂರು. ಬಾಯಿ ತೆರೆದೆ, ಬೇರೆಯೇ ಬಂತು.

"ಬಸವಣ್ಣೆವ್ವ" ಅಂದೆ.

"ದನಿ ಛಲೋ ಐತಿ" ಎಂದು ಡಾಕ್ಟರ್ ಬರೆದುಕೊಂಡರು. ಬಸವಣ್ಣೆವ್ವ ಭರಮಪ್ಪನ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದಳು. ಮೆಟ್ಟಿಲು ಇಳಿದು ರಿಕ್ಷಾ ಹತ್ತಿದೆವು. ಚೆನ್ನಮ್ಮ ಸರ್ಕಲ್ ದಾಟಿದ ಮೇಲೆ ಹೊರಗೆ ನೋಡುತ್ತಲೇ, "ಇನ್ನೊಮ್ಮೆ ಅನ್ರಿ" ಅಂದಳು.

ಇನ್ನೊಮ್ಮೆ ಅಂದೆ.

ಮತ್ತೊಮ್ಮೆ ಅನ್ನಲು ಬಾಯಿ ತೆರೆದಾಗ ಅವಳು ಕೈ ಅಡ್ಡ ಇಟ್ಟಳು. "ಸಾಕ ಬಿಡ್ರಿ. ಮೂರ ಅಂದ್ರ ಸವಾಲ ಮುಗೀತಂತೀರಿ ನೀವು. ಎರಡಕ್ಕs ಇರ್ಲಿ."